ಮಿದುಳನ್ನು ಸೀಳಿದರೆ ‘ನಾನು’ ಒಂದೋ ಎರಡೋ?

ಪ್ರಶ್ನೆ:
ಹತೋಟಿಗೆ ಬಾರದ ಮೂರ್ಛೆರೋಗಕ್ಕೆ ಮಿದುಳಿನ ಎರಡು ಅರ್ಧಗೋಳಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್ ಕತ್ತರಿಸುತ್ತಾರಷ್ಟೆ. ಆಮೇಲೆ ಎಡಗಣ್ಣಿಗೆ ತೋರಿಸಿದ ವಸ್ತುವಿನ ಹೆಸರು ಬಾಯಿಗೆ ಬಾರದು, ಎಡಗೈ ಮಾತ್ರ ಅದನ್ನೇ ಆರಿಸುತ್ತದೆ ಎಂದು ಓದಿದೆ. ಹಾಗಾದರೆ ಒಂದೇ ತಲೆಯಲ್ಲಿ ಇಬ್ಬರೇ? ಮನಸ್ಸೆಂದರೆ ಬರೀ ಮಿದುಳು ಎನ್ನಲು ಇಷ್ಟು ಸಾಕೇ?

ಉತ್ತರ 1:
ಎಡಗಣ್ಣು ಅಲ್ಲ, ನೋಟದ ಎಡಭಾಗ; ಅದು ತಲುಪುವುದು ಎಡಗೈಯನ್ನು ನಡೆಸುವ ಬಲ ಅರ್ಧಗೋಳಕ್ಕೆ, ಮಾತು ಎಡದ್ದರ ಕೆಲಸ. ಒಂದೊಂದು ಕಣ್ಣೂ ಎರಡೂ ಅರ್ಧಗೋಳಗಳಿಗೆ ಸುದ್ದಿ ಕಳಿಸುತ್ತದೆ, ಹಾಗಾಗಿ ಒಂದು ಕಣ್ಣು ಮುಚ್ಚಿ ಪ್ರಯೋಜನವಿಲ್ಲ. 1960ರ ದಶಕದಲ್ಲಿ ಮಿದುಳು ವಿಜ್ಞಾನಿಗಳಾದ ರೋಜರ್ ಸ್ಪೆರಿ, ಮೈಕೆಲ್ ಗಜಾನಿಗ ಮಾಡಿದ್ದು ಹೀಗೆ: ಪರದೆಯ ನಡುವಿನ ಚುಕ್ಕಿಯನ್ನೇ ನೋಡಲು ಹೇಳಿ, ಅದರ ಎಡಕ್ಕೆ ಚಿತ್ರವನ್ನು ಕ್ಷಣಮಾತ್ರ ಮಿಂಚಿಸುವುದು. ಕಣ್ಣು ಅತ್ತ ಹೊರಳಲು ಸುಮಾರು 200 ಮಿಲಿಸೆಕೆಂಡು ಬೇಕು. ಚಿತ್ರ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಮಾತಾಡುವ ಎಡ ಅರ್ಧಗೋಳಕ್ಕೂ ಕಂಡುಬಿಡುತ್ತದೆ, ಪ್ರಯೋಗ ಕೆಟ್ಟಿತು. ವಸ್ತುಗಳೂ ಮರೆಯಲ್ಲಿರಬೇಕು, ಕೈ ತಡಕಿಯೇ ಹುಡುಕಬೇಕು. ಅಲ್ಲೂ ಗುಟ್ಟು ಸೋರುತ್ತದೆ: ಎಡಗೈ ಬಾಚಣಿಗೆಯ ಹಲ್ಲನ್ನು ಮೀಟಿದರೆ ಆ ಕಿರಕಿರ ಸದ್ದು ಕೇಳಿಯೇ ಎಡ ಅರ್ಧಗೋಳ ‘ಬಾಚಣಿಗೆ’ ಎಂದುಬಿಡಬಹುದು.

ಉತ್ತರ 2:
ನನಗೆ ಇದಕ್ಕಿಂತ ದೊಡ್ಡದೆನಿಸುವುದು ಗಜಾನಿಗ, ಜೋಸೆಫ್ ಲೆಡೂ ಮಾಡಿದ ಪ್ರಯೋಗ. ಎಡ ಅರ್ಧಗೋಳಕ್ಕೆ ಕೋಳಿಯ ಕಾಲುಗುರು, ಬಲಕ್ಕೆ ಹಿಮ ಬಿದ್ದ ಮನೆ. ಕಂಡದ್ದಕ್ಕೆ ಹೊಂದುವ ಚಿತ್ರ ಆರಿಸಲು ಹೇಳಿದಾಗ ಬಲಗೈ ಕೋಳಿಯ ಚಿತ್ರ ತೋರಿಸಿತು, ಎಡಗೈ ಸಲಿಕೆಯದು. ಸಲಿಕೆ ಯಾಕೆ ಎಂದು ಕೇಳಿದರೆ, ಕೋಳಿಗೂಡು ಚೊಕ್ಕಟ ಮಾಡಲು ಬೇಕಲ್ಲ ಎಂಬ ಉತ್ತರ! ಹಿಮ ಕಂಡೇ ಇರದ ಅರ್ಧಗೋಳ ತಡವರಿಸದೆ ಕಾರಣ ಹೆಣೆದುಕೊಟ್ಟಿತು. ‘ನಾನೇ ಆರಿಸಿದೆ’ ಎಂಬ ನಮ್ಮ ನಂಬಿಕೆಯಲ್ಲಿ ಎಷ್ಟು ಪಾಲು ಹೀಗೆ ಆಮೇಲೆ ಕಟ್ಟಿದ್ದು ಎಂದು ಯೋಚಿಸಲೇಬೇಕು.

ಉತ್ತರ 3:
ಆದರೂ ‘ಇಬ್ಬರು’ ಎನ್ನುವುದು ಅವಸರ. ಎರಡೂ ಅರ್ಧಗೋಳಗಳ ಬುಡದಲ್ಲಿರುವ ಮಿದುಳುಕಾಂಡ ಒಂದೇ ಇದೆ, ಅದನ್ನು ಯಾರೂ ಸೀಳಿಲ್ಲ. 2017ರಲ್ಲಿ ಯಾಯಿರ್ ಪಿಂಟೋ ತಂಡ ಇಂಥ ಇಬ್ಬರು ರೋಗಿಗಳನ್ನು ಪರೀಕ್ಷಿಸಿದಾಗ, ನೋಟದ ಯಾವ ಕಡೆ ಏನು ಮಿಂಚಿದರೂ ಎಲ್ಲಿ ಮಿಂಚಿತೆಂದು ಅವರು ಬಾಯಿಂದಲೂ ಎರಡೂ ಕೈಯಿಂದಲೂ ತಿಳಿಸಿದರು. ಎಡದ್ದನ್ನೂ ಬಲದ್ದನ್ನೂ ಹೋಲಿಸಿ ಒಂದೇನಾ ಬೇರೆಯಾ ಎಂದು ಹೇಳಲು ಮಾತ್ರ ಆಗಲಿಲ್ಲ.

ಇನ್ನು ‘ಬರೀ ಮಿದುಳೇ’ ಎಂಬುದು. ಹುದುಗಿನಿಂದ ಮದ್ಯದ ಅಮಲು ಹುಟ್ಟುವಂತೆ ಮಣ್ಣು, ನೀರು ಮುಂತಾದ ಭೂತಗಳ ಕೂಟದಿಂದ ಚೈತನ್ಯ ಎಂದವರು ಚಾರ್ವಾಕರು. ದೀಪವಿದ್ದರೆ ಕಾಣುತ್ತದೆ ಎಂದಮಾತ್ರಕ್ಕೆ ಕಾಣುವಿಕೆ ದೀಪದ ಗುಣವಲ್ಲ, ದೇಹವೂ ಹಾಗೆಯೇ ಉಪಕರಣ ಎಂಬುದು ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರ ಮಾತು. ಕತ್ತರಿ ಪ್ರಯೋಗ ಈ ವಾದವನ್ನು ಮುರಿಯುವುದಿಲ್ಲ.

ಉತ್ತರ 2 (ಮತ್ತೆ):
ಮುರಿಯದಿರಬಹುದು, ಇಕ್ಕಟ್ಟಿಗಂತೂ ಸಿಕ್ಕಿಸುತ್ತದೆ. ದೀಪ ಕೆಟ್ಟರೆ ಕತ್ತಲಾಗಬೇಕು. ಇಲ್ಲಿ ಕತ್ತಲಾಗಿಲ್ಲ: ಹಿಮ ಒಂದು ಕಡೆ ತಿಳಿದಿದೆ, ಉಗುರು ಇನ್ನೊಂದು ಕಡೆ. ನೋಡುವವನು ದೀಪದಿಂದ ಬೇರೆಯವನೂ ಒಬ್ಬನೇ ಆಗಿದ್ದರೆ, ಎರಡೂ ಒಟ್ಟಿಗೆ ಅವನಿಗೆ ಏಕೆ ತಿಳಿಯಲಿಲ್ಲ?