‘ಟೋಕಿಯೊ ಸ್ಟೋರಿ’ಯ ಕನ್ನಡ ಅಡಿಬರಹಕ್ಕೆ ಜಪಾನೀಸ್ ಬಲ್ಲವರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಕ್ಕಳಿಂದ ದೂರವಾಗಿ ಒಂಟಿಯಾಗಿ ಬಾಳುತ್ತಿರುವ ನಮ್ಮ ಬಡಾವಣೆಯ ಹಿರಿಯರಿಗೆ ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ 1953ರ ‘ಟೋಕಿಯೊ ಸ್ಟೋರಿ’ ಚಿತ್ರವನ್ನು ತೋರಿಸಬೇಕೆಂದು, ಅದರ ಮಾತುಗಳನ್ನು ಇಂಗ್ಲಿಷ್ ಅಡಿಬರಹದ ನೆರವಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಒನೊಮಿಚಿ ಎಂಬ ಊರಿನಿಂದ ಟೋಕಿಯೊಗೆ ಬಂದ ವೃದ್ಧ ತಂದೆತಾಯಿಯನ್ನು ಬಿಡುವಿಲ್ಲದ ಮಕ್ಕಳು ಅಟಾಮಿಯ ಬಿಸಿನೀರ ಬುಗ್ಗೆಗಳ ಊರಿಗೆ ಕಳಿಸಿಬಿಡುತ್ತಾರೆ. ಅಲ್ಲಿನ ಗದ್ದಲದಲ್ಲಿ ನಿದ್ದೆಗೆಟ್ಟು, ಬೆಳಿಗ್ಗೆ ಕಡಲ ತಡೆಗೋಡೆಯ ಮೇಲೆ ಕುಳಿತಿದ್ದ ತಾಯಿ ಏಳಹೋಗಿ ತಲೆಸುತ್ತಿ ತಡವರಿಸುವ ದೃಶ್ಯವನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ತೊಡಕಾಗಿರುವುದು ಸಂಬೋಧನೆ. ವಿಧವೆ ಸೊಸೆ ನೊರಿಕೊ ಅತ್ತೆಯನ್ನು ‘ಒಕಾಸಾನ್’ (ಜಪಾನೀಸ್‌ನಲ್ಲಿ ತಾಯಿ) ಎಂದು ಕರೆಯುತ್ತಾಳೆ. ಅದನ್ನು ‘ಅಮ್ಮ’ ಎನ್ನಲೇ, ನಮ್ಮ ರೂಢಿಯಂತೆ ‘ಅತ್ತೆ’ ಎನ್ನಲೇ? ಹೆತ್ತ ಮಕ್ಕಳಿಗಿಂತ ಅವಳೇ ಹೆಚ್ಚು ಅಕ್ಕರೆ ತೋರುವುದರಿಂದ ಈ ಒಂದು ಪದ ತಪ್ಪಬಾರದೆಂಬ ಕಾಳಜಿ ನನ್ನದು. ಬಲ್ಲವರು ದಯವಿಟ್ಟು ತಿಳಿಸಿ, ಸಾಧ್ಯವಾದರೆ ಕರಡನ್ನೊಮ್ಮೆ ಓದಿ ತಿದ್ದಿಕೊಡಿ.