ಒಮ್ಮೆಲೇ ಸಿಡಿಯೋ ತಲಿನೋವು: ಗುಳಿಗಿ ಕೊಡೂದೋ, ದವಾಖಾನಿಗೆ ಓಡಿಸೂದೋ?

ಔಷಧಿ ಅಂಗಡಿ, ಜಮಖಂಡಿ
ತಲಿನೋವಿನ ಗುಳಿಗಿ ಕೇಳಿಕೊಂಡು ಬರೋರಿಗೆ ಇಲ್ಲಿ ಲೆಕ್ಕ ಇಲ್ಲ. ಬಿಸಿಲು, ಪಿತ್ತ, ಉಪವಾಸ, ಕಬ್ಬಿನ ಹಂಗಾಮಿನ ನಿದ್ದಿಗೇಡು, ಬಹಳ ಮಂದಿದು ಇಷ್ಟ. ಆದ್ರ ಮೆದುಳಿನ ರಕ್ತನಾಳ ಒಡದವ್ರೂ ಮೊದಲು ಇದ ಕೌಂಟರಿಗೆ ಬರ್ತಾರ. ಎರಡು ನಿಮಿಷದಾಗ ಏನು ಕೇಳಬೇಕು? ಯಾವ ಗುಳಿಗಿ ಕೊಡಬಾರದು? ಬಿಪಿ 190 ಇದ್ದರ ಇಳಿಸಿ ಕಳಿಸಬೇಕೇನು?

ತುರ್ತು ವಿಭಾಗದ ವೈದ್ಯರು, ಬೆಳಗಾವಿ
ನೋವು ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ ತುದಿ ಮುಟ್ಟಿತು ಅನ್ನುವುದು ಮುಖ್ಯ. ಮೈಗ್ರೇನ್ ಸಾಮಾನ್ಯವಾಗಿ ಅರ್ಧ ತಾಸು, ಒಂದು ತಾಸು ತೆಗೆದುಕೊಂಡು ಏರುತ್ತದೆ. ರಕ್ತನಾಳದ ಗೋಡೆಯಲ್ಲಿ ಉಬ್ಬಿದ ಗುಳ್ಳೆ, ಅಂದರೆ ಅನ್ಯೂರಿಸಂ, ಒಡೆದರೆ ನೋವು ಒಂದು ನಿಮಿಷದೊಳಗೇ ಪೂರ್ತಿ ಏರಿರುತ್ತದೆ.

'ಒಮ್ಮೆಲೇ ಬಂತೇನು?' ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. 'ಆಗ ಏನು ಮಾಡಾಕ ಹತ್ತಿದ್ರಿ?' ಅಂತ ಕೇಳಿ. 'ಚೀಲ ಹೆಗಲಿಗೆ ಏರಿಸೋ ಹೊತ್ತಿಗೆ ಹಿಂದಿಂದ ಯಾರೋ ಬಡಿಗಿಲೆ ಹೊಡದಂಗಾತು' ಅಂತ ಆ ಕ್ಷಣವನ್ನೇ ತೋರಿಸಿದರೆ ಮುಂದಿನ ಪ್ರಶ್ನೆ ಬೇಡ, ಆಸ್ಪತ್ರೆಗೆ ಕಳಿಸಿ. ಭಾರ ಎತ್ತುವಾಗ, ಮಲವಿಸರ್ಜನೆಗೆ ತಿಣುಕುವಾಗ, ಸಂಭೋಗದ ಹೊತ್ತಿನಲ್ಲಿ ಬರಬಹುದು. ಸುಮ್ಮನೆ ಕೂತಾಗಲೂ ಬರಬಹುದು. ಜೊತೆಗೆ ವಾಂತಿ, ಕ್ಷಣಕಾಲ ಎಚ್ಚರ ತಪ್ಪುವುದು, ಫಿಟ್ಸ್, ಒಂದು ಎರಡಾಗಿ ಕಾಣುವುದು ಇದ್ದರಂತೂ ಸಂಶಯವೇ ಬೇಡ. ಕುತ್ತಿಗೆ ಬಿಗಿಯಾಗಲು ಕೆಲವು ತಾಸು ಬೇಕು, ಆದ್ದರಿಂದ ಕುತ್ತಿಗೆ ಸಡಿಲ ಇದೆ ಎಂದು ಸಮಾಧಾನಪಡಬೇಡಿ.

ಹೆಚ್ಚು ಜನ ಮೋಸ ಹೋಗುವುದು ಇಲ್ಲಿ: ಗುಳಿಗೆ ತಗೊಂಡ ಮೇಲೆ ನೋವು ಇಳಿಯಿತು, ಹಾಗಾದರೆ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಸೋರಿದ ನಾಳದ ನೋವೂ ಇಳಿಯಬಹುದು. ಅದೇ ಗುಳ್ಳೆ ಮತ್ತೆ ಒಡೆಯುವ ಅಪಾಯ ಮೊದಲ 24 ತಾಸಿನಲ್ಲೇ ಹೆಚ್ಚು, ಎರಡನೇ ಸಲ ಒಡೆದರೆ ಉಳಿಯುವುದು ಕಷ್ಟ.

ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ಇವು ತಡೆಯುತ್ತವೆ. ಪೂರ್ತಿ ಎಚ್ಚರವಿದ್ದು ನುಂಗಲು ಬಂದರೆ ಪ್ಯಾರಾಸಿಟಮಾಲ್ ಸಾಕು. ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡುವ ಹಳೇ ರೂಢಿ ಖಂಡಿತ ಬೇಡ. ಬಿಪಿ ದಢಕ್ಕನೆ ಬಿದ್ದರೆ ಮೆದುಳಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಅದನ್ನು ಐಸಿಯುನಲ್ಲಿ ಡ್ರಿಪ್ ಹಚ್ಚಿ, ಮಾನಿಟರ್ ನೋಡುತ್ತಾ ಇಳಿಸಬೇಕು.

ಸಿಟಿ ಸ್ಕ್ಯಾನ್ ತಂತ್ರಜ್ಞರು, ವಿಜಯಪುರ
ನೋವು ಶುರುವಾದ ಗಂಟೆ-ನಿಮಿಷ ಚೀಟಿಯಲ್ಲಿ ಬರೆದು ಕಳಿಸಿ. 'ಮುಂಜಾನೆಯಿಂದ' ಅಂತ ಬರೆದರೆ ಉಪಯೋಗವಿಲ್ಲ. ಮೊದಲ 6 ತಾಸಿನೊಳಗೆ, ಕಾಂಟ್ರಾಸ್ಟ್ (ನಾಳ ಎದ್ದು ಕಾಣಲು ಚುಚ್ಚುವ ದ್ರವ) ಇಲ್ಲದೆ ತೆಗೆದ ಸಿಟಿಯನ್ನು ನುರಿತ ರೇಡಿಯಾಲಜಿಸ್ಟ್ ಓದಿದರೆ ರಕ್ತ ತಪ್ಪಿಹೋಗುವುದು ತೀರಾ ವಿರಳ. ಸಿಟಿಯಲ್ಲಿ ತಾಜಾ ರಕ್ತ ಬಿಳಿಯಾಗಿ ಕಾಣುತ್ತದೆ, ದಿನ ಕಳೆದಂತೆ ಅದು ಕರಗಿ ಬಿಳುಪು ಮಾಸುತ್ತದೆ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದವರಲ್ಲಿ ತಾಜಾ ರಕ್ತವೂ ಅಷ್ಟು ಬಿಳಿಯಾಗಿ ಕಾಣದಿರಬಹುದು. ರಕ್ತಹೀನತೆ ಇದ್ದರೆ ಅದನ್ನೂ ಬರೆಯಿರಿ.

ತಡವಾಗಿ ಬಂದವರಿಗೆ 'ಸಿಟಿ ನಾರ್ಮಲ್' ಅಂದರೆ ಮುಗಿಯಿತು ಎಂದಲ್ಲ. ಬೆನ್ನಹುರಿಯ ನೀರು ತೆಗೆದು ನೋಡಬೇಕು, ಇಲ್ಲವೇ ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳ ಸ್ಕ್ಯಾನ್) ಮಾಡಬೇಕು. ರಕ್ತ ಸೋರಿದ್ದರೆ ಆ ನೀರು ಹಳದಿ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಸುಮಾರು 12 ತಾಸು ಬೇಕು. ಸೂಜಿ ನೋಡಿ ಹೆದರಿ ಮನೆಯವರು ಸಹಿ ಹಾಕಿ ಕರೆದುಕೊಂಡು ಹೋಗುವುದು ಈ ಹಂತದಲ್ಲೇ.

ಹೆರಿಗೆ ವಾರ್ಡಿನ ನರ್ಸ್, ಬಾಗಲಕೋಟೆ
ಬಾಣಂತಿಯರನ್ನ ಮರೀಬ್ಯಾಡ್ರಿ. ಹಡದ ಆರು ವಾರದೊಳಗ ಹೊಸ ತಲಿನೋವು ಬಂದ್ರ, ಒಮ್ಮೆಲೇ ಬರಲಿ, ದಿನದಿಂದ ದಿನಕ್ಕ ಏರಲಿ, ತೋರಿಸಲೇಬೇಕು. ಮೆದುಳಿನ ರಕ್ತ ಹೊರಗ ಒಯ್ಯೋ ಸಿರೆಯೊಳಗ ಹೆಪ್ಪು ಕಟ್ಟಿರಬಹುದು, ಇಲ್ಲಾ ಬಿಪಿ ಏರಿ ನಂಜು ಬಂದಿರಬಹುದು. ಹೊಟ್ಟಿ ದೊಡ್ಡದಾಗತೈತಿ ಅಂತ ನೀರು ಕೊಡದ ಒಣಗಿಸೋ ರೂಢಿ ನಮ್ಮ ಕಡೆ ಇನ್ನೂ ಐತಿ. ಮೈಯಾಗ ನೀರು ಕಡಿಮಿ ಆದಷ್ಟೂ ರಕ್ತ ಹೆಪ್ಪುಗಟ್ಟತೈತಿ. ಈ ಹೆಪ್ಪು ಸಾದಾ ಸಿಟಿಯೊಳಗ ಕಾಣದ ಇರಬಹುದು, ಸಿರೆಗಳ ಎಂಆರ್ ವೀನೋಗ್ರಾಂ ಕೇಳ್ರಿ. ಕಣ್ಣು ಮಂಜಾದ್ರ, ಮಾರಿ ಬಾತ್ರ, ಬಿಪಿ 160/110 ದಾಟಿದ್ರ ಒಂದ ತಾಸೂ ಕಾಯಬ್ಯಾಡ್ರಿ.

ಔಷಧಿ ಅಂಗಡಿ, ಜಮಖಂಡಿ
ಸಾಗಿಸೂದು ಹ್ಯಾಂಗ? ಬೈಕ್ ಮ್ಯಾಲೆ ನಡುವ ಕೂಡಿಸ್ಕೊಂಡು ಹೊಂಟೇಬಿಡ್ತಾರ.

ತುರ್ತು ವಿಭಾಗದ ವೈದ್ಯರು, ಬೆಳಗಾವಿ
ಬೈಕ್ ಬೇಡ. 108ಕ್ಕೆ ಕರೆ ಮಾಡಿ. ಎಚ್ಚರವಿದ್ದರೆ ತಲೆ ಕಡೆ ಸುಮಾರು 30 ಡಿಗ್ರಿ ಎತ್ತರಿಸಿ. ಮಂಪರು ಇದ್ದರೆ ಪಕ್ಕಕ್ಕೆ ಹೊರಳಿಸಿ, ನೀರು, ನಿಂಬೆಹಣ್ಣಿನ ಶರಬತ್ತು ಏನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ಎರಡೇ ಮಾತು ಕೇಳಿ: ಈಗ ಸಿಟಿ ನಡೆಯುತ್ತಿದೆಯೇ, ನ್ಯೂರೋಸರ್ಜನ್ ಇದ್ದಾರೆಯೇ. ದಿನಾ ನುಂಗುವ ಗುಳಿಗೆಗಳ ಚೀಲವನ್ನೇ ಜೊತೆಗೆ ಕೊಡಿ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಅಥವಾ ವಾರ್ಫರಿನ್ ಇದ್ದರೆ ಚಿಕಿತ್ಸೆಯೇ ಬದಲಾಗುತ್ತದೆ.

ಇನ್ನೊಂದು. ಬ್ಯಾಟರಿ ಹಿಡಿದು ಎರಡೂ ಕಣ್ಣು ನೋಡಿ. ಒಂದು ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ಮಾತ್ರ ಅಗಲವಾಗಿದ್ದರೆ, ಗುಳ್ಳೆ ಅಲ್ಲಿಯ ನರವನ್ನು ಒತ್ತುತ್ತಿರಬಹುದು. ಚೀಟಿಯಲ್ಲಿ ಯಾವ ಕಣ್ಣು, ಎಷ್ಟು ಗಂಟೆಗೆ ನೋಡಿದಿರಿ ಅಂತ ಬರೆದು ಆಂಬುಲೆನ್ಸ್ ಸಿಬ್ಬಂದಿಯ ಕೈಗೇ ಕೊಡಿ.