ವಿಸ್ಕಿ ಬಿಟ್ಟು ಸ್ಟ್ರಾಂಗ್ ಬಿಯರ್: ಕುಡಿತ ಕಡಿಮೆಯಾಯಿತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವಿರುವುದು ರಾಜಾಜಿನಗರದಲ್ಲಿ. ಅಣ್ಣ ದಿನಾ ರಾತ್ರಿ ಎರಡು ಲಾರ್ಜ್ ವಿಸ್ಕಿ ಕುಡಿಯುತ್ತಿದ್ದ. ಮನೆಯವರೆಲ್ಲ ಗೋಗರೆದ ಮೇಲೆ ಬಿಟ್ಟ. ಈಗ ಎರಡು ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್. "ಇದರಲ್ಲಿ ಏಳೇ ಪರ್ಸೆಂಟ್, ವಿಸ್ಕಿಯಲ್ಲಿ ನಲವತ್ತೆರಡು" ಅನ್ನುತ್ತಾನೆ. ಅಮ್ಮನಿಗೆ ಸಮಾಧಾನವಾಗಿದೆ. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ.

ಡಾಕ್ಟರ್: ನಿಮ್ಮ ಅನುಮಾನ ಸರಿಯಾಗಿದೆ. ಪರ್ಸೆಂಟ್ ಜೊತೆಗೆ ಎಷ್ಟು ಎಂ.ಎಲ್. ಕುಡಿದರು ಅನ್ನುವುದನ್ನೂ ನೋಡಬೇಕು. ನಮ್ಮಲ್ಲಿ ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8 ಅಂತ ಬರೆದಿರುತ್ತದೆ. ಲಾರ್ಜ್ ಅಂದರೆ 60 ಎಂ.ಎಲ್. ಅದರಲ್ಲಿ ಬರೀ ಆಲ್ಕೋಹಾಲ್ ಸುಮಾರು 26 ಎಂ.ಎಲ್. ಬಿಯರ್ ಬಾಟಲಿ 650 ಎಂ.ಎಲ್. ಏಳು ಪರ್ಸೆಂಟ್ ಲೆಕ್ಕದಲ್ಲಿ ಒಂದೊಂದು ಬಾಟಲಿಗೂ 45 ದಾಟುತ್ತದೆ. ನಿಮ್ಮಣ್ಣನಿಗೆ ಮೊದಲು ದಿನಕ್ಕೆ 51 ಎಂ.ಎಲ್. ಹೋಗುತ್ತಿತ್ತು, ಈಗ 91. ಲಿವರ್‌ಗೆ ಅದು ಯಾವ ಬಾಟಲಿಯಿಂದ ಬಂತು ಅನ್ನುವುದು ಬೇಕಿಲ್ಲ. ಕುಡಿತ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಅಮ್ಮನಿಗೂ ಇದನ್ನು ನಿಧಾನವಾಗಿ ತಿಳಿಸಿ.

ಇನ್ನೊಬ್ಬರು: ಸಾರ್, ವಿಸ್ಕಿಗೆ ನೀರು, ಸೋಡಾ ಜಾಸ್ತಿ ಹಾಕಿಕೊಂಡರೆ? ವೈನ್ ಆದರೆ ಪರವಾಗಿಲ್ವಾ?

ಡಾಕ್ಟರ್: ನೀರು ಹಾಕಿದರೆ ಖಾರ ಕಡಿಮೆಯಾಗುತ್ತದೆ, ಆಲ್ಕೋಹಾಲ್ ಅಷ್ಟೇ ಇರುತ್ತದೆ. ವೈನ್ 12–13 ಪರ್ಸೆಂಟ್. 150 ಎಂ.ಎಲ್.ನ ಒಂದು ಗ್ಲಾಸಿನಲ್ಲಿ ಹೆಚ್ಚೂಕಡಿಮೆ 19 ಎಂ.ಎಲ್. ಇರುತ್ತದೆ.

ಮತ್ತೊಬ್ಬರು: ಇಂದಿರಾನಗರದಲ್ಲಿ ಫ್ರೆಂಡ್ಸ್ ಜೊತೆ ಎರಡು ಮಗ್ ಡ್ರಾಟ್ ಬಿಯರ್, ಆಮೇಲೆ ಬೈಕ್. ಐದು ಪರ್ಸೆಂಟ್ ಅಷ್ಟೇ ಅಲ್ವಾ?

ಡಾಕ್ಟರ್: ದಯವಿಟ್ಟು ಬೇಡ. ಅರ್ಧ ಲೀಟರಿನ ಎರಡು ಮಗ್ ಅಂದರೆ 50 ಎಂ.ಎಲ್., ಹೆಚ್ಚೂಕಡಿಮೆ ಎರಡು ಲಾರ್ಜ್. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ನೀವು ಅದನ್ನು ಸುಲಭವಾಗಿ ದಾಟುತ್ತೀರಿ. ಕಾಫಿ, ನಿಂಬೆ ಶರಬತ್ತಿನಿಂದ ಅದು ಇಳಿಯುವುದಿಲ್ಲ. ಲಿವರ್ ತನ್ನ ಪಾಡಿಗೆ ಗಂಟೆಗಟ್ಟಲೆ ಕೆಲಸ ಮಾಡಬೇಕು. ಬೈಕ್ ಮನೆಯಲ್ಲೇ ಬಿಟ್ಟು ಮೆಟ್ರೋದಲ್ಲಿ ಹೋಗಿ.

ಪ್ರಶ್ನೆ ಕೇಳಿದವರು: ಲೆಕ್ಕ ತೋರಿಸಿದೆ ಡಾಕ್ಟ್ರೇ. ಅಣ್ಣ ತುಂಬಾ ಹೊತ್ತು ಸುಮ್ನೆ ಕೂತಿದ್ದ. ನಾಳೆಯಿಂದ ಒಂದು ಹನಿಯೂ ಮುಟ್ಟಲ್ಲ ಅಂದಿದ್ದಾನೆ!

ಡಾಕ್ಟರ್: ಬಹಳ ಸಂತೋಷ. ಆದರೆ ಒಂಟಿಯಾಗಿ, ಒಮ್ಮೆಲೇ ನಿಲ್ಲಿಸುವುದು ಬೇಡ. ದಿನಾ ಇಷ್ಟು ಕುಡಿಯುವವರು ತಟ್ಟನೆ ಬಿಟ್ಟರೆ ಕೈ ನಡುಗಬಹುದು, ನಿದ್ದೆ ಬಾರದಿರಬಹುದು. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಮೊದಲು ಡಾಕ್ಟರನ್ನು ಕಾಣಲಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಆಗುವುದಾದರೆ ನೀವೂ ಜೊತೆಗೆ ಹೋಗಿ.